ಅಣ್ಣನನ್ನು ನೆನೆಯುವ ಬಗೆ

(ಸಾಂತಾಕ್ರೂಜಿನಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವ ಅಭ್ಯಾಸ ನನಗಿಲ್ಲ. ಸಂಘದ ಕಾರ್ಯಕ್ರಮಕ್ಕೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಉಪಾಹಾರದ ಹೊತ್ತಿಗೆ ಒಳಗೆ ಹೋಗಿ ನಾಲ್ಕು ಜನ ಹೆಂಗಸರೊಡನೆ ಲೋಟ ತೊಳೆದಿಟ್ಟು ಮನೆಗೆ ಹೋಗುವವಳು ನಾನು. ಹಾಗಿರುವಾಗ ಕಾರ್ಯದರ್ಶಿಗಳು ಒಂದು ದಿನ ಮನೆಗೆ ಬಂದು, "ನಿಮ್ಮ ಅಣ್ಣ ತೀರಿಕೊಂಡು ವರ್ಷವಾಗುತ್ತ ಬಂತು. ಎಷ್ಟೋ ವರ್ಷ ಈ ಸಂಘದ ಕುರ್ಚಿಗಳನ್ನು ಹಾಕಿ ತೆಗೆದವರು ಅವರು. ಅವರ ವಿಷಯವಾಗಿ ನಾಲ್ಕು ಮಾತು ಹೇಳಬೇಕು" ಎಂದರು. ಸಂಕೋಚದಲ್ಲಿ ಒಪ್ಪಿಕೊಂಡುಬಿಟ್ಟೆ.

ಅವರು ಹೋದ ಮೇಲೆ ಕಾಗದ ಹಿಡಿದು ಕುಳಿತೆ. ಹುಟ್ಟಿದ ವರ್ಷ ಬರೆದೆ, ಮುಂಬಯಿಗೆ ಬಂದ ವರ್ಷ ಬರೆದೆ, ಮದುವೆಯಾದ ವರ್ಷ, ನಿವೃತ್ತನಾದ ವರ್ಷ, ಹೋದ ವರ್ಷ. ಓದಿ ನೋಡಿದರೆ ರೇಶನ್ ಕಾರ್ಡಿನ ಹಾಗೆ ಇತ್ತು. ಅಲ್ಲಿ ಅಣ್ಣಯ್ಯ ಇರಲಿಲ್ಲ. ನಮ್ಮ ಕುಂದಾಪುರದ ಕಡೆ ಅಣ್ಣನನ್ನು ನಾವು ಅಣ್ಣಯ್ಯ ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಅನ್ನುತ್ತೇನೆ, ತಾವು ಮನ್ನಿಸಬೇಕು. ಐವತ್ತು ಅರವತ್ತು ವರ್ಷ ಒಟ್ಟಿಗಿದ್ದವನ ವಿಷಯ ಹೇಳಲು ಹೋದರೆ ಒಂದು ಮಾತೂ ಏಳುವುದಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು. ಒಡಹುಟ್ಟಿದವರನ್ನು ನೆನೆಯುವುದು ಹೇಗೆ? ತಾಯಿಯನ್ನು ನೆನೆಯಲು ನಮಗೆ ನೂರು ಹಾಡುಗಳಿವೆ, ಗಂಡನನ್ನು ನೆನೆಯಲು ಲೋಕವೇ ಕಲಿಸಿಕೊಟ್ಟಿದೆ. ಅಣ್ಣನನ್ನು ನೆನೆಯುವುದನ್ನು ಯಾರೂ ಕಲಿಸಿಲ್ಲ.

ಆಗ ನನಗೆ ಇನ್ನೊಬ್ಬ ತಂಗಿಯ ನೆನಪಾಯಿತು. ಆಕೆ ತನ್ನ ಅಣ್ಣನನ್ನು ಸುಮಾರು 58 ವರ್ಷ ಕಾಲ ನೆನೆದವಳು. ಕೇಳಿದವರಿಗೆಲ್ಲ, ಸಿನೆಮಾದವರಿಗೆ, ಪುಸ್ತಕ ಬರೆಯುವವರಿಗೆ, ಪತ್ರಿಕೆಯವರಿಗೆ, ಬೇಸರಿಸದೆ ಅವನ ಕತೆ ಹೇಳಿದವಳು. ಅವರ ಮಾತನ್ನು ಹೇಳುತ್ತ ಹೋದರೆ ನಡುನಡುವೆ ನನ್ನ ಅಣ್ಣಯ್ಯನೂ ಬಂದಾನು ಎಂಬ ಆಸೆಯಿಂದ ಇವತ್ತು ಅವರ ಕತೆಯನ್ನು ಹೇಳುತ್ತೇನೆ.

ಅವರು ಚಿತ್ರಕಲಾವಿದೆ ಲಲಿತಾ ಲಾಜ್ಮಿ. ಅಣ್ಣ ಗುರುದತ್ತ.

ಗುರುದತ್ತರ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. ಆದರೆ ಅವರು ನಮ್ಮ ಕಡೆಯವರು ಎಂಬುದು ನಮ್ಮ ಮಕ್ಕಳಿಗೆ ತಿಳಿದಿಲ್ಲ. ದತ್ತ ಎಂದರೆ ಬಂಗಾಳಿ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಅವರ ಮನೆತನದ ಹೆಸರು ಪಡುಕೋಣೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ ಇರುವುದನ್ನು ತಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಆ ಹೊಳೆಯ ಆಚೆಯ ಊರು ಪಡುಕೋಣೆ. ಮನೆಮಾತು ಕೊಂಕಣಿ. ಚಿತ್ರಾಪುರ ಸಾರಸ್ವತರು, ಮಠ ಶಿರಾಲಿಯಲ್ಲಿ. ಇದೇ ಸಾಂತಾಕ್ರೂಜಿನ ಪಶ್ಚಿಮಕ್ಕೆ ಅವರ ಜನರ ಸಾರಸ್ವತ ಕಾಲೊನಿ ಇದೆಯಷ್ಟೆ. ಮನೆಯಲ್ಲಿ ಕೊಂಕಣಿ, ಓದುಬರಹಕ್ಕೆ ಕನ್ನಡ ಎಂಬುದು ಆ ಮನೆತನಗಳ ಹಳೆಯ ಪದ್ಧತಿ. ತಾಯಿ ವಾಸಂತಿ ಪಡುಕೋಣೆಯವರು ಮಕ್ಕಳಿಗೆ ಪಾಠ ಹೇಳಿ ಸಂಸಾರಕ್ಕೆ ನೆರವಾದವರು, ಕತೆ ಬರೆದವರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗ ಹೋದ ಮೇಲೆ ಅವನ ಜೀವನವನ್ನು ಆ ತಾಯಿ ಬರೆದದ್ದು ಕನ್ನಡದಲ್ಲಿಯೇ. 'ನನ್ನ ಮಗ ಗುರುದತ್ತ' ಎಂದು ಆ ಪುಸ್ತಕದ ಹೆಸರು. ಇಡೀ ಹಿಂದುಸ್ತಾನ ತನ್ನವನೆಂದು ಹೇಳಿಕೊಂಡ ಮನುಷ್ಯನಿಗಾಗಿ ತಾಯಿ ಅತ್ತದ್ದು ನಮ್ಮ ಭಾಷೆಯಲ್ಲಿ!

ಗುರುದತ್ತರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು, ಗುರುವಾರ. ಮೊದಲು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಏನೋ ಅಪಘಾತವಾಗಿ, ಹೆಸರು ಬದಲಿಸಿದರೆ ಒಳ್ಳೆಯದಾದೀತೆಂದು ಗುರುದತ್ತ ಎಂದು ಕರೆದರಂತೆ. ತಂದೆ ಶಿವಶಂಕರ ರಾಯರು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಆಮೇಲೆ ಕಲ್ಕತ್ತೆಯಲ್ಲಿ ಗುಮಾಸ್ತಿಕೆಗೆ ನಿಂತವರು. ಹಾಗಾಗಿ ಸಂಸಾರ ಕಲ್ಕತ್ತೆ ಸೇರಿತು. ಗುರುದತ್ತರ ಬೆನ್ನಿಗೆ ಹುಟ್ಟಿದ ಶಶಿಧರನೆಂಬ ತಮ್ಮ ತಿಂಗಳುಗಳ ಕೂಸಾಗಿರುವಾಗಲೇ ಹೋದ. ಉಳಿದವರು ಆತ್ಮಾರಾಮ, ಲಲಿತಾ, ದೇವಿದಾಸ, ವಿಜಯ. ಲಲಿತಾ ಒಬ್ಬಳೇ ಹೆಣ್ಣು, ಹುಟ್ಟಿದ್ದು 1932ರ ಅಕ್ಟೋಬರ್ 17ರಂದು, ಕಲ್ಕತ್ತೆಯಲ್ಲಿ. ಅಣ್ಣನಿಗೂ ಅವಳಿಗೂ 7 ವರ್ಷದ ಅಂತರ.

ಅಣ್ಣ ತಂಗಿಯ ನಡುವೆ 7 ವರ್ಷ ಎಂಬುದು ಒಂದು ವಿಶೇಷವಾದ ಅಂತರ. ಅದಕ್ಕಿಂತ ಕಡಿಮೆಯಾದರೆ ಜಗಳವೇ ಹೆಚ್ಚು, ಹೆಚ್ಚಾದರೆ ಅಪ್ಪನ ಹಾಗೆ ಭಯ. 7 ವರ್ಷದ ಅಣ್ಣ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ, ಆದರೆ ಅವನ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಅವನನ್ನು ನಾವು ಕೆಳಗಿನಿಂದ ನೋಡುತ್ತ ಬೆಳೆಯುತ್ತೇವೆ. ನನಗೂ ಅಣ್ಣಯ್ಯನಿಗೂ ಅಷ್ಟೇ ಅಂತರ.

ಕಲ್ಕತ್ತೆಯ ಆ ಮನೆಯಲ್ಲಿ ಅಜ್ಜಿ ಸಂಜೆ ದೇವರ ದೀಪ ಹಚ್ಚುವಾಗ ಈ ಹುಡುಗ ಆ ಬೆಳಕಿಗೆ ಕೈಬೆರಳುಗಳನ್ನು ಹಿಡಿದು ಗೋಡೆಯ ಮೇಲೆ ನೆರಳಿನ ಚಿತ್ರ ಆಡಿಸುತ್ತಿದ್ದನೆಂದು ಮನೆಯವರು ಹೇಳಿದ್ದಾರೆ. ತಮ್ಮಂದಿರೂ ತಂಗಿಯೂ ಸುತ್ತ ಕುಳಿತು ನೋಡುವುದು. ಅದೇ ಕೈ ಮುಂದೆ ಬೆಳಕು ನೆರಳುಗಳ ಚಿತ್ರಗಳನ್ನು ಮಾಡಿಸಿತು. ಆ ಚಿತ್ರಗಳಿಗೆ ಕ್ಯಾಮರಾ ಹಿಡಿದವರೂ ಕನ್ನಡಿಗರೇ ಎಂಬುದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾದೀತು: ಮೈಸೂರಿನ ವಿ. ಕೆ. ಮೂರ್ತಿ. 'ಕಾಗಜ್ ಕೆ ಫೂಲ್'ನಲ್ಲಿ ಮೇಲಿನಿಂದ ಇಳಿದು ಬರುವ ಆ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಮಾಡಿದರು. ಅದಿರಲಿ.

ಅವರ ತಾಯಿಯ ಬಂಧು ಬಿ. ಬಿ. ಬೆನಗಲ್ ಎಂಬ ಚಿತ್ರಕಾರರು ಕಲ್ಕತ್ತೆಯಲ್ಲಿದ್ದರು. ಅವರು ಬರೆದ ಒಂದು ಚಿತ್ರದಲ್ಲಿ ಮನುಷ್ಯನ ಮೈಮೇಲೆ ಹಾವು. ಅದನ್ನು ನೋಡಿ ಗುರುದತ್ತ ಒಂದು ಸರ್ಪನೃತ್ಯವನ್ನು ತಾನೇ ಕಟ್ಟಿಕೊಂಡು ಸಾರಸ್ವತರ ಕೂಟವೊಂದರಲ್ಲಿ ಕುಣಿದು 5 ರೂಪಾಯಿ ಬಹುಮಾನ ಪಡೆದ. ಅದೇ ಬೆನಗಲ್ ಮಾಮ ಪುಟ್ಟ ಲಲಿತೆಗೆ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಒಂದೇ ಮಾಮನಿಂದ ಅಣ್ಣನಿಗೆ ಕುಣಿತ ಬಂತು, ತಂಗಿಗೆ ಬಣ್ಣ. ಊರು ಬಿಟ್ಟು ದೂರ ಹೋಗಿ ನೆಲಸಿದ ಸಂಸಾರಗಳಿಗೆ ಇಂಥ ಒಂದು ಕೂಟ, ಇಂಥ ಒಬ್ಬ ಮಾಮ ಇದ್ದರೆ ಏನೇನು ಆಗುತ್ತದೆ ನೋಡಿ. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಪೌಡರ್ ಹಚ್ಚಿಕೊಂಡು ಕುಣಿಯುವ ಮಕ್ಕಳನ್ನು ನೋಡಿ ಗೊಣಗುವವರು ಆ 5 ರೂಪಾಯಿಯನ್ನು ನೆನಪಿಡಲಿ.

ಮೆಟ್ರಿಕ್ ಮುಗಿದ ಮೇಲೆ ಮುಂದೆ ಓದಿಸುವಷ್ಟು ಮನೆಯಲ್ಲಿ ಅನುಕೂಲವಿರಲಿಲ್ಲ. ಹುಡುಗ ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದ. ಸಂಬಳ ತಿಂಗಳಿಗೆ 40 ರೂಪಾಯಿ. ಮೊದಲ ಸಂಬಳ ಬಂದ ದಿನ ಅವನು ತನ್ನ ಗುರುಗಳಿಗೆ ಒಂದು ಭಗವದ್ಗೀತೆ ಕೊಂಡ, ತಾಯಿಗೆ ಒಂದು ಸೀರೆ, ತಂದೆಗೆ ಒಂದು ಕೋಟು, ತಂಗಿಗೆ ಒಂದು ಫ್ರಾಕು. ತನಗೆಂದು ಏನನ್ನೂ ಕೊಂಡದ್ದನ್ನು ಯಾರೂ ಹೇಳಿಲ್ಲ.

ಇಲ್ಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ನಮ್ಮ ಅಣ್ಣಯ್ಯ ಮುಂಬಯಿಗೆ ಬಂದದ್ದು 1962ರಲ್ಲಿ, 14ನೆಯ ವಯಸ್ಸಿನಲ್ಲಿ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅಣ್ಣಯ್ಯ ಬರುವಾಗ ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಪುಣೆಯಲ್ಲಿ ಸಣ್ಣ ಗೇಜಿನಿಂದ ದೊಡ್ಡ ಗೇಜಿಗೆ ಬದಲಿಸಿ ಬರಬೇಕು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಒಂದು ಜೊತೆ ಬಟ್ಟೆ, ಹುರಿಯಕ್ಕಿ, ಬೆಲ್ಲ. ಈ ಸಾಂತಾಕ್ರೂಜ್ ಸ್ಟೇಶನ್ನಿನ ಬಳಿ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ. ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು. ಹೋಟೆಲಿನ ಹೆಸರು ಬೇಡ; ಈಗ ಅಲ್ಲಿ ಮೊಬೈಲಿನ ಅಂಗಡಿ ಇದೆ.

ಒಂದು ವರ್ಷ ಕಳೆದು, ಊರಿಗೆ ಹೋಗುವ ಯಾರದೋ ಕೈಯಲ್ಲಿ ಅವನು ನನಗೊಂದು ಸಿದ್ಧ ಫ್ರಾಕು ಕಳಿಸಿದ್ದ. ನೀಲಿ ಬಣ್ಣ, ಎದೆಯ ಮೇಲೆ ಬಿಳಿ ಲೇಸು. ಇಡೀ ಕೇರಿಯೇ ನೋಡಲು ಬಂದಿತ್ತು. ತೊಟ್ಟುಕೊಳ್ಳಲು ಹೋದರೆ ತೋಳಿನಲ್ಲಿ ಹಿಡಿಯುತ್ತದೆ, ಉದ್ದ ಸಾಲದು. ಅವನು ಹೊರಟ ದಿನ ನಾನು ಎಷ್ಟು ಇದ್ದೆನೋ ಅಷ್ಟೇ ಅಳತೆಯನ್ನು ಅವನು ಅಂಗಡಿಯಲ್ಲಿ ಕೈ ಎತ್ತಿ ತೋರಿಸಿದ್ದನಂತೆ. ನಾನು ಬೆಳೆದದ್ದು ಅವನಿಗೆ ಗೊತ್ತಿರಲಿಲ್ಲ. ಅಮ್ಮ ಎರಡೂ ಬದಿಯ ಹೊಲಿಗೆ ಬಿಚ್ಚಿ ತನ್ನ ಹಳೆಯ ರವಿಕೆಯ ತುಂಡನ್ನು ಜೋಡಿಸಿಕೊಟ್ಟಳು. ಎರಡು ವರ್ಷ ಅದನ್ನೇ ಹಾಕಿದೆ. ಚಿಕ್ಕದಾಯಿತು ಎಂದು ಅವನಿಗೆ ಬರೆಯಬಾರದೆಂದು ಅಮ್ಮ ಹೇಳಿದ್ದಳು, ಬರೆಯಲಿಲ್ಲ. ಆಮೇಲೂ ಹೇಳಲಿಲ್ಲ. ಇವತ್ತು ಈ ಸಭೆಯಲ್ಲಿಯೇ ಮೊದಲು ಹೇಳುತ್ತಿರುವುದು.

ಗುರುದತ್ತರ ವಿಷಯಕ್ಕೆ ಬರೋಣ. 1942ರಲ್ಲಿ ಅವರು ಆಲ್ಮೋಡಾದಲ್ಲಿ ಉದಯಶಂಕರರ ಕಲಾಕೇಂದ್ರಕ್ಕೆ ಹೋದರು. ಮಹಾಯುದ್ಧದ ಕಾಲ; 1944ರಲ್ಲಿ ಕೇಂದ್ರ ಮುಚ್ಚಿತು. ಅಲ್ಲಿಂದ ಪುಣೆಯ ಪ್ರಭಾತ್ ಫಿಲ್ಮ್ ಕಂಪೆನಿ. ದೇವ್ ಆನಂದರ ಸ್ನೇಹವಾದದ್ದು ಅಲ್ಲಿ. ಮುಂದೆ ಯಾರಿಗೆ ಮೊದಲು ಅವಕಾಶ ಬಂದರೂ ಇನ್ನೊಬ್ಬನನ್ನು ಕರೆಯಬೇಕೆಂದು ಇಬ್ಬರೂ ಮಾತು ಕೊಟ್ಟುಕೊಂಡರು. ಪ್ರಭಾತದ ಕರಾರು ಮುಗಿದ ಮೇಲೆ ಸುಮಾರು ಹತ್ತು ತಿಂಗಳು ಕೆಲಸವಿಲ್ಲ. ಮಾಟುಂಗದಲ್ಲಿ ತಾಯಿಯ ಮನೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಕತೆಗಳನ್ನು ಬರೆಯುವುದು, ಪತ್ರಿಕೆಗೆ ಕಳಿಸುವುದು. ಮುಂದೆ 'ಪ್ಯಾಸಾ' ಆದ ಕತೆಯ ಮೊದಲ ರೂಪ ಹುಟ್ಟಿದ್ದು ಆ ದಿನಗಳಲ್ಲಿ.

ಮಾಟುಂಗವೆಂದರೆ ನಮ್ಮವರಿಗೆ ಮುಂಬಯಿಯ ಹೆಬ್ಬಾಗಿಲು. ಕೆಲಸವಿಲ್ಲದ ಹಿರಿಯ ಮಗನೊಬ್ಬ ಆ ಸಣ್ಣ ಮನೆಯಲ್ಲಿ ಹತ್ತು ತಿಂಗಳು ಹೇಗೆ ಕುಳಿತಿದ್ದಿರಬಹುದೆಂದು ಊಹಿಸಲು ಇಲ್ಲಿರುವ ಯಾರಿಗೂ ಕಷ್ಟವಾಗದು. ತಟ್ಟೆಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ ಅಂಥವನ ಕೈ ಹಿಂಜರಿಯುತ್ತದೆ. ಎದುರಿಗೆ ಕುಳಿತ ತಂಗಿ ಅದನ್ನು ನೋಡುತ್ತಾಳೆ, ನೋಡದ ಹಾಗೆ ಇರುತ್ತಾಳೆ.

ದೇವ್ ಆನಂದರು ಮಾತು ಉಳಿಸಿಕೊಂಡರು. 1951ರಲ್ಲಿ 'ಬಾಜಿ' ಬಂತು. ಅದರ ಹಾಡಿನ ಮುದ್ರಣದ ವೇಳೆಯಲ್ಲಿ ಗುರುದತ್ತರಿಗೆ ಗೀತಾ ರಾಯ್ ಎಂಬ ಗಾಯಕಿಯ ಪರಿಚಯವಾಯಿತು. ಇಲ್ಲಿ ನಮ್ಮ ಸಾಂತಾಕ್ರೂಜ್ ಕತೆಯೊಳಗೆ ಬರುತ್ತದೆ. ಗೀತಾ ಅವರ ಮನೆ 'ಅಮಿಯ ಕುಟೀರ' ಇದ್ದದ್ದು ಇಲ್ಲಿ. ಆಗ ಅವರು ದೊಡ್ಡ ಹೆಸರಿನ ಗಾಯಕಿ, ಈ ಹುಡುಗ ಈಗಷ್ಟೇ ತಲೆ ಎತ್ತುತ್ತಿದ್ದವನು. ಮಾಟುಂಗಕ್ಕೂ ಸಾಂತಾಕ್ರೂಜಿಗೂ ನಡುವೆ ಕಾಗದಗಳನ್ನು ಒಯ್ಯುತ್ತಿದ್ದವಳು ತಂಗಿ ಲಲಿತಾ. ಹದಿನೆಂಟರ ಆಚೀಚಿನ ಹುಡುಗಿ, ಅಣ್ಣನ ಪ್ರೇಮಪತ್ರವನ್ನು ಜೋಪಾನವಾಗಿ ಹಿಡಿದುಕೊಂಡು ಇತ್ತ ಬರುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಗೀತಾ ಅವರೂ ದೊಡ್ಡ ಕಾರಿನಲ್ಲಿ ಮಾಟುಂಗದ ಆ ಚಿಕ್ಕ ಮನೆಗೆ ಬಂದು, ಅಡುಗೆಮನೆಯಲ್ಲಿ ಕುಳಿತು ತರಕಾರಿ ಹೆಚ್ಚಿಕೊಡುತ್ತಿದ್ದರಂತೆ. 1953ರ ಮೇ 26ರಂದು ಮದುವೆ, ಬಂಗಾಳಿ ಕ್ರಮದಲ್ಲಿ, ಇಲ್ಲಿಯೇ ಸಾಂತಾಕ್ರೂಜಿನಲ್ಲಿ. ಸಿನೆಮಾ ಲೋಕವೆಲ್ಲ ನೆರೆದಿತ್ತು. ನಾವು ದಿನಾ ತರಕಾರಿ ಚೀಲ ಹಿಡಿದು ನಡೆಯುವ ಊರಿದು, ಅಂಥ ಮದುವೆಯನ್ನೂ ಕಂಡಿದೆ.

ಇನ್ನು 'ಪ್ಯಾಸಾ' ಚಿತ್ರದ ವಿಷಯ. 1957ರಲ್ಲಿ ಬಂದದ್ದು. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಡಹುಟ್ಟಿದವರ ಬಗ್ಗೆ ಇಷ್ಟು ಕಹಿಯಾದ ಚಿತ್ರವನ್ನು ನಾನು ಬೇರೆ ನೋಡಿಲ್ಲ. ಅದರಲ್ಲಿ ವಿಜಯ ಎಂಬ ಕವಿ. ಕೆಲಸವಿಲ್ಲ, ಕವನಗಳನ್ನು ಯಾರೂ ಅಚ್ಚು ಹಾಕುವುದಿಲ್ಲ. ಅವನ ಸ್ವಂತ ಅಣ್ಣಂದಿರು ಅವನ ಕವನಗಳ ಕಟ್ಟನ್ನು ರದ್ದಿಯವನಿಗೆ ತೂಕಕ್ಕೆ ಹಾಕುತ್ತಾರೆ. ಅವನು ಸತ್ತನೆಂಬ ಸುದ್ದಿ ಹಬ್ಬಿ ಅವನ ಪುಸ್ತಕಕ್ಕೆ ಬೇಡಿಕೆ ಬಂದಾಗ, ಬದುಕಿ ಬಂದು ಎದುರಿಗೆ ನಿಂತ ತಮ್ಮನನ್ನು ಅದೇ ಅಣ್ಣಂದಿರು ಹಣದಾಸೆಗೆ ಗುರುತಿಲ್ಲವೆನ್ನುತ್ತಾರೆ. ಇನ್ನೂ ಹೆಚ್ಚು ಹಣ ಕಂಡಾಗ ಗುರುತಿದೆ ಎನ್ನುತ್ತಾರೆ. ಅವನ ಕವನಗಳನ್ನು ರದ್ದಿಯಿಂದ ಕೊಂಡು ಉಳಿಸಿದವಳು ಬೀದಿಯ ಹೆಣ್ಣು.

ಈ ಚಿತ್ರ ತೆಗೆದವನ ಮನೆಯಲ್ಲಿ ಹಾಗೆಯೇ ಇತ್ತೇನೋ ಎಂದು ಯಾರಿಗಾದರೂ ಅನುಮಾನ ಬಂದೀತು. ನಡೆದದ್ದು ತೀರ ಬೇರೆ. ಅಣ್ಣ ಸತ್ತಾಗ ಅರ್ಧಕ್ಕೆ ನಿಂತಿದ್ದ 'ಬಹಾರೇಂ ಫಿರ್ ಭೀ ಆಯೇಂಗಿ' ಚಿತ್ರ ಅವರ ಸಂಸ್ಥೆಯಿಂದಲೇ 1966ರಲ್ಲಿ ಹೊರಬಂತು. ಅಣ್ಣ ಮಾಡಬೇಕಾಗಿದ್ದ ಪಾತ್ರವನ್ನು ಧರ್ಮೇಂದ್ರ ಮಾಡಿದರು. ತಮ್ಮ ಆತ್ಮಾರಾಮ ಅಣ್ಣನ ಹೆಸರಿನ ಅದೇ ಸಂಸ್ಥೆಯಲ್ಲಿ 1968ರಲ್ಲಿ 'ಶಿಕಾರ್' ಚಿತ್ರವನ್ನು ನಿರ್ದೇಶಿಸಿದರು. ಕಿರಿಯ ತಮ್ಮ ದೇವಿದತ್ತರೂ ನಿರ್ಮಾಪಕರಾಗಿ 1983ರ 'ಮಾಸೂಮ್' ಚಿತ್ರ ಕೊಟ್ಟರು. 1989ರಲ್ಲಿ ನಸ್ರೀನ್ ಮುನ್ನಿ ಕಬೀರರು ಗುರುದತ್ತರನ್ನು ಅರಸಿ ಸಾಕ್ಷ್ಯಚಿತ್ರ ಮಾಡಿದಾಗ ಮನೆಯವರೆಲ್ಲ ಕುಳಿತು ಅಣ್ಣನ ಕತೆ ಹೇಳಿದರು. ಚಿತ್ರದ ಅಣ್ಣಂದಿರು ರದ್ದಿಗೆ ಹಾಕಿದರು, ನಿಜದ ಒಡಹುಟ್ಟಿದವರು ಒಂದು ಚೂರನ್ನೂ ಕಳೆಯದೆ ಇಟ್ಟುಕೊಂಡರು. ಗುರುದತ್ತರಿಗೆ ಇದು ತಿಳಿದಿತ್ತೆ? ನನಗೆ ಬಹಳ ಸಲ ಅನಿಸಿದೆ, ಮನೆಗೆ ಹಿರಿಯನಾದವನಿಗೆ ಒಂದು ಭಯ ಇದ್ದೇ ಇರುತ್ತದೆ. ನಾನು ದುಡಿಯದೆ ಕುಳಿತರೆ ಇವರು ನನ್ನನ್ನು ಗುರುತಿಸುವರೆ, ಎಂದು. ನಾವು ಹತ್ತು ಸಲ ಪ್ರೀತಿಯಿಂದ ನಡೆದುಕೊಂಡರೂ ಆ ಭಯ ಹೋಗುವುದಿಲ್ಲ. ಮಾಟುಂಗದ ಆ ಹತ್ತು ತಿಂಗಳಲ್ಲಿ ಹುಟ್ಟಿದ ಕತೆ ಅದು ಎಂಬುದನ್ನು ಮರೆಯಬಾರದು.

1959ರಲ್ಲಿ 'ಕಾಗಜ್ ಕೆ ಫೂಲ್' ಬಂತು. ನಮ್ಮ ದೇಶದ ಮೊದಲ ಸಿನೆಮಾಸ್ಕೋಪ್ ಚಿತ್ರ. ಜನ ಒಪ್ಪಲಿಲ್ಲ. ಅದಾದ ಮೇಲೆ ಗುರುದತ್ತರು ಯಾವ ಚಿತ್ರಕ್ಕೂ ನಿರ್ದೇಶಕನೆಂದು ತನ್ನ ಹೆಸರು ಹಾಕಿಕೊಳ್ಳಲಿಲ್ಲ. 1962ರ 'ಸಾಹಿಬ್ ಬೀಬಿ ಔರ್ ಗುಲಾಮ್'ಗೂ ನಿರ್ದೇಶಕರು ಅಬ್ರಾರ್ ಅಲ್ವಿ. ಪಾಲಿ ಹಿಲ್ಲಿನಲ್ಲಿ ಅವರ ಬಂಗಲೆ ಇತ್ತು. ನಮ್ಮ ಸ್ಟೇಶನ್ನಿನಿಂದ ದಕ್ಷಿಣಕ್ಕೆ ಖಾರ್ ದಾಟಿದರೆ ಆ ಗುಡ್ಡ. 1963ರಲ್ಲಿ ಆ ಮನೆಯನ್ನು ಅವರೇ ಕೆಡವಿಸಿಬಿಟ್ಟರು. ಗಂಡಹೆಂಡಿರ ನಡುವಿನ ಸಂಗತಿಗಳನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ, ನಾನು ಆ ದಾರಿಗೆ ಹೋಗುವುದಿಲ್ಲ. ಇಬ್ಬರೂ ಈಗ ಇಲ್ಲ. ಗೀತಾ ಅವರು 1972ರ ಜುಲೈ 20ರಂದು ಹೋದರು.

ಆ ಕೊನೆಯ ವರ್ಷಗಳ ಬಗ್ಗೆ ಲಲಿತಾ ಅವರು ಹೇಳಿದ ಒಂದು ಮಾತಿಗಾಗಿಯೇ ನಾನು ಇಷ್ಟು ದೂರ ಬಂದದ್ದು. ಅಣ್ಣ ಕೆಲವೊಮ್ಮೆ ಅವರನ್ನು ಕರೆಯುತ್ತಿದ್ದರಂತೆ, ಮಾತಾಡಬೇಕಾಗಿದೆ ಎಂದು. ಇವರು ಹೋಗುವರು. ಎದುರಿಗೆ ಕುಳಿತುಕೊಳ್ಳುವರು. ಅಣ್ಣ ಒಂದು ಮಾತನ್ನೂ ಆಡರು. ಹೀಗೆಯೇ ಹೊತ್ತು ಹೋಗುವುದು, ಇವರು ಎದ್ದು ಬರುವುದು.

1964ರ ಅಕ್ಟೋಬರ್ 10ರ ಬೆಳಿಗ್ಗೆ ಪೆಡ್ಡರ್ ರೋಡಿನ ಮನೆಯಲ್ಲಿ ಗುರುದತ್ತರು ತೀರಿಕೊಂಡಿದ್ದರು. 39 ವರ್ಷ. ನಿದ್ರೆಯ ಗುಳಿಗೆ ಮತ್ತು ಮದ್ಯ. ಅದು ಅರಿಯದೆ ಆದದ್ದೋ ಅರಿತು ಮಾಡಿಕೊಂಡದ್ದೋ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಅದಕ್ಕೆ ಮೊದಲು ಎರಡು ಸಲ ಅವರು ಪ್ರಾಣ ಕಳೆದುಕೊಳ್ಳಲು ಹೋಗಿದ್ದರೆಂಬುದು ಮಾತ್ರ ಎಲ್ಲರಿಗೂ ಗೊತ್ತಾದ ಸಂಗತಿ. ಒಮ್ಮೆ ಮನೋವೈದ್ಯರಿಗೆ ತೋರಿಸಿದ್ದರು. ಆಮೇಲೆ ಅದನ್ನು ಮುಂದುವರಿಸಲಿಲ್ಲ. ಇದನ್ನು ಲಲಿತಾ ಅವರೇ, ತಮ್ಮ ಮುಪ್ಪಿನಲ್ಲಿ, ಮುಚ್ಚಿಡದೆ ಹೇಳಿದರು. ಯಾಸಿರ್ ಉಸ್ಮಾನ್ ಎಂಬವರು 2021ರಲ್ಲಿ ತಂದ ಗುರುದತ್ತರ ಜೀವನಚರಿತ್ರೆಯಲ್ಲಿ ಆಕೆಯ ನೆನಪುಗಳು ತುಂಬಾ ಇವೆ.

ಸೋದರಿಯರೇ, ಆ ವಯಸ್ಸಿನಲ್ಲಿ ಅದನ್ನು ಹೇಳಲು ಎಷ್ಟು ಧೈರ್ಯ ಬೇಕು! ಸತ್ತವರನ್ನು ಕುರಿತು ಮಾತಾಡುವಾಗ ನಾವು ಸಾಮಾನ್ಯವಾಗಿ ಅವರ ಗುಣಗಳನ್ನೂ ನಮ್ಮ ಸೇವೆಯನ್ನೂ ಹೇಳಿಕೊಳ್ಳುತ್ತೇವೆ. ಎಷ್ಟು ಆಸ್ಪತ್ರೆ ಸುತ್ತಿದೆವು, ಎಷ್ಟು ಖರ್ಚು ಮಾಡಿದೆವು ಎಂದು ಲೆಕ್ಕ ಒಪ್ಪಿಸುತ್ತೇವೆ. ಮಾಡದೆ ಬಿಟ್ಟದ್ದನ್ನು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಮನಸ್ಸಿಗೆ ಕಾಯಿಲೆ ಬಂದರೆ ಇಂದಿಗೂ ಮೊದಲು ದರ್ಶನದ ಪಾತ್ರಿಯನ್ನು ಕೇಳುತ್ತೇವೆ, ಹರಕೆ ಹೊರುತ್ತೇವೆ, ಕೊನೆಗೆ "ಅವನ ಸ್ವಭಾವವೇ ಹಾಗೆ" ಎಂದು ಕೈಬಿಡುತ್ತೇವೆ. ದೇವರನ್ನು ಕೇಳಬಾರದೆಂದು ನಾನು ಹೇಳುತ್ತಿಲ್ಲ. ಡಾಕ್ಟರರನ್ನೂ ಕೇಳಿ. ಒಂದು ಸಲವಲ್ಲ, ಬಿಡದೆ ಕೇಳಿ. ಇಷ್ಟನ್ನು ಹೇಳಲು ನನಗೆ ಅಧಿಕಾರವಿದೆಯೋ ಇಲ್ಲವೋ, ವಯಸ್ಸಂತೂ ಆಗಿದೆ.

ಲಲಿತಾ ಅವರ ಜೀವನವನ್ನು ಅಣ್ಣನ ನೆರಳೆಂದು ತಿಳಿಯುವುದು ತಪ್ಪು. ನೌಕಾದಳದ ಅಧಿಕಾರಿಯನ್ನು ಮದುವೆಯಾದರು, ಎರಡು ಮಕ್ಕಳ ತಾಯಿಯಾದರು, ಸುಮಾರು ಇಪ್ಪತ್ತು ವರ್ಷ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದರು, ಅದರ ನಡುವೆ ತಾವೂ ಕಲಿತು ಚಿತ್ರಗಳನ್ನೂ ತಾಮ್ರದ ಹಲಗೆಯ ಅಚ್ಚುಗಳನ್ನೂ ಮಾಡಿದರು. ಅವರ ಚಿತ್ರಗಳಲ್ಲಿ ಮುಖವಾಡ ತೊಟ್ಟವರು, ಆಟ ಆಡಿಸುವವರು, ಗಂಡುಹೆಣ್ಣು ಒಂದೇ ಕಡೆ ಕುಳಿತು ಬೇರೆ ಬೇರೆ ಕಡೆ ನೋಡುವವರು. ಮಗಳು ಕಲ್ಪನಾ ಲಾಜ್ಮಿ 'ರುದಾಲಿ' ಚಿತ್ರ ಮಾಡಿದವರು. ತಾಯಿಗಿಂತ ಮೊದಲೇ, 2018ರಲ್ಲಿ, ಹೋದರು. 2007ರ 'ತಾರೇ ಜಮೀನ್ ಪರ್' ಚಿತ್ರದ ಕೊನೆಯಲ್ಲಿ ಮಕ್ಕಳ ಚಿತ್ರಸ್ಪರ್ಧೆಗೆ ತೀರ್ಪುಗಾರರಾಗಿ ಬರುವ ಬೆಳ್ಳಿಕೂದಲಿನ ಅಜ್ಜಿಯನ್ನು ನಿಮ್ಮ ಮೊಮ್ಮಕ್ಕಳು ನೋಡಿದ್ದಾರೆ, ಅವರೇ ಇವರು. 2023ರ ಫೆಬ್ರವರಿ 13ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ಕೋಟೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಆದರೂ ಸುದ್ದಿ ಬರೆದವರು ಮೊದಲು ಬರೆದದ್ದು 'ಗುರುದತ್ತರ ಸೋದರಿ' ಎಂದು. ನನಗೆ ಸ್ವಲ್ಪ ಸಿಟ್ಟೇ ಬಂತು. ಆಕೆಗೆ ಬರುತ್ತಿತ್ತೋ ಇಲ್ಲವೋ.

2025ರ ಜುಲೈ 9ಕ್ಕೆ ಗುರುದತ್ತರು ಹುಟ್ಟಿ ನೂರು ವರ್ಷ ತುಂಬಿತು. ಹಳೆಯ ಚಿತ್ರಗಳನ್ನು ಶುದ್ಧಗೊಳಿಸಿ ಮತ್ತೆ ಪರದೆಗೆ ತಂದರು. ಎಲ್ಲರೂ ಬೆಳಕಿನ ವಿಷಯ, ಹಾಡಿನ ವಿಷಯ ಹೇಳಿದರು. ನಾನು ಫ್ರಾಕಿನ ವಿಷಯ ಯೋಚಿಸುತ್ತಿದ್ದೆ. ಯಾವ ಬಣ್ಣದ್ದಿರಬಹುದು? ಅಳತೆ ಸರಿಯಾಗಿತ್ತೆ?

ಇನ್ನು ನಮ್ಮ ಅಣ್ಣಯ್ಯನ ವಿಷಯ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಅವನು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತನಾದ. ಊರಿನಿಂದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿಕೊಂಡ, ಒಬ್ಬೊಬ್ಬರನ್ನಾಗಿ ದಡ ಹತ್ತಿಸಿದ. ನನ್ನ ಮದುವೆಯ ಸಾಲವನ್ನು ಆರು ವರ್ಷ ತೀರಿಸಿದ. ತನ್ನ ವಿಷಯ ಅವನು ಎಂದೂ ಏನೂ ಹೇಳಿದವನಲ್ಲ. ಏನು ಕೇಳಿದರೂ "ಅಡ್ಡಿಲ್ಲ" ಎನ್ನುವುದು. ಊಟ ಹೇಗಿದೆ ಎಂದರೆ ಅಡ್ಡಿಲ್ಲ, ಎದೆನೋವು ಹೇಗಿದೆ ಎಂದರೂ ಅಡ್ಡಿಲ್ಲ. ಅತ್ತಿಗೆ ಹೋದ ದಿನ ಕೂಡ ಬಂದವರಿಗೆ ಕುರ್ಚಿ ಎಳೆದು ಹಾಕುತ್ತಿದ್ದವನು ಅವನೇ.

ಕಳೆದ ವರ್ಷ ಮಳೆ ಹಿಡಿಯುವ ಮೊದಲು ಒಂದು ದಿನ ಅವನೇ ಫೋನ್ ಮಾಡಿದ. "ಪುರಸೊತ್ತಾದರೆ ಬಾ, ಒಂಚೂರು ಮಾತಾಡುಕಿತ್ತ್" ಎಂದ. ಅವನು ಹಾಗೆ ಕರೆದದ್ದೇ ಇಲ್ಲ. ಅಡುಗೆ ಅರ್ಧಕ್ಕೆ ಬಿಟ್ಟು ರಿಕ್ಷಾ ಹಿಡಿದು ಹೋದೆ. ಅವನೇ ಚಹಾ ಮಾಡಿದ. ಎರಡು ಖಾರದ ಕಡ್ಡಿ ತಟ್ಟೆಗೆ ಹಾಕಿಟ್ಟ. ಕಿಟಕಿಯ ಬಳಿ ಎದುರುಬದುರು ಕುಳಿತೆವು. ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ನಾನು ಕಾದೆ. ಏನು ಅಣ್ಣಯ್ಯ ಎಂದು ಒಮ್ಮೆ ಕೇಳಿದೆ. "ಏನಿಲ್ಲ" ಎಂದ. ಮತ್ತೊಮ್ಮೆ ಕೇಳಬೇಕಾಗಿತ್ತು. ಕೇಳಲಿಲ್ಲ. ಮನೆಯಲ್ಲಿ ಸಾರು ಒಲೆಯ ಮೇಲಿತ್ತು, ಮೊಮ್ಮಗ ಶಾಲೆಯಿಂದ ಬರುವ ಹೊತ್ತಾಗಿತ್ತು.

ಅರ್ಧ ಗಂಟೆ ಹಾಗೆಯೇ ಹೋಯಿತು. ಆಮೇಲೆ ಅವನು ಲೋಟ ಕೆಳಗಿಟ್ಟು ಹೊರಗೆ ನೋಡಿ, "ಮೋಡ ಕಟ್ಟಿದೆ, ಮಳೆ ಬರುವುದರೊಳಗೆ ಹೋಗು" ಎಂದ. ಕೆಳಗಿನ ತನಕ ಬಂದು ರಿಕ್ಷಾ ನಿಲ್ಲಿಸಿಕೊಟ್ಟ. ರಿಕ್ಷಾದವನಿಗೆ ಹಣ ತಾನೇ ಕೊಟ್ಟ.